ಕಡೆಯ ಕಂಬದ ನೀರು

ಪೂಜೆ ಮುಗಿಸಿ, ಅಂಗೈಯ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳುವಾಗ ಮನ್ಮಥಪ್ಪನಿಗೆ ತಿಳಿಯಿತು: ಇವತ್ತೂ ಕಣ್ಣು ಮುಚ್ಚಿಕೊಂಡಷ್ಟು ಹೊತ್ತು ತಾನು ಕಂಡದ್ದು ಲಿಂಗವನ್ನಲ್ಲ, ಗಚ್ಚಿನ ಕಟ್ಟೆಯನ್ನು. ಮೊಣಕಾಲೆತ್ತರದ ಕಟ್ಟೆ, ಸುತ್ತ ಸುಣ್ಣ ಮತ್ತು ಕೆಂಪು ಜಾಜಿನ ಪಟ್ಟೆ, ನೆತ್ತಿಯ ಮೇಲೊಂದು ದಾಸವಾಳ. ಹಾಳಾಗಿ ಹೋಗಲಿ ಎಂದು ತಲೆ ಕೊಡವಿ, ಹಣೆಯ ವಿಭೂತಿ ಸರಿಮಾಡಿಕೊಂಡು ಒಲೆಯ ಮುಂದೆ ಬಂದು ಕೂತ. ಹೆಂಡತಿ ಶಿವಕಾಂತಾ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳ ಕೇಳುತ್ತ ಕೂರುವುದೆಂದರೆ ಅವನಿಗೆ ಮೊದಲಿನಿಂದಲೂ ಇಷ್ಟ. ಹದಿನೆಂಟು ವರ್ಷದ ಸಂಸಾರದಲ್ಲಿ ಇನ್ನೂ ಬೇಸರ ತರದ ಸಪ್ಪಳ ಅದು. ಕಾವಲಿಯಿಂದ ನೇರ ತಾಟಿಗೆ ಬಿದ್ದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಮನುಷ್ಯನಿಗೆ ಇನ್ನೇನು ಬೇಕು? ಸಂತಪುರದ ಹೊಲದಲ್ಲಿ ಅಪ್ಪನ ಹಿಂದೆ ಕುಂಟೆ ಹೊಡೆಯಬೇಕಾದವನು ಬೀದರಿನ ಬಿಜಲೀಘರದಲ್ಲಿ ಲೈನ್ ಮಿಸ್ತ್ರಿಯಾಗಿದ್ದ. ಅವನು ಹತ್ತಿ ಬಿಗಿದ ತಂತಿಯಿಂದ ಸಂಜೆಗೆ ಊರು ಬೆಳಗುತ್ತಿತ್ತು. ಮನೆಯಲ್ಲಿ ಜಗಳವಿಲ್ಲ, ಮೈಯಲ್ಲಿ ರೋಗವಿಲ್ಲ. ಇಷ್ಟು ಸುಖದ ನಡುವೆ ಇದ್ದದ್ದರಿಂದಲೇ ಆ ಕಟ್ಟೆ ಅವನಿಗೆ ಅಷ್ಟು ಚುಚ್ಚುತ್ತಿತ್ತು. ದುಃಖದಲ್ಲಿರುವವನಾದರೆ ಇಂಥ ಸಣ್ಣದನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಶಿವಕಾಂತಾ ಬಾಗಿಲಾಚೆ ಇಣುಕಿ, ಮಿರುಗದ ಮಳೆನಕ್ಷತ್ರ ಕೂಡಿ ಒಂಬತ್ತು ದಿನವಾಯಿತು, ಗಾಳಿ ಬಿದ್ದಿದೆ, ಇವತ್ತು ಮಳೆ ಬಂದೇ ಬರುತ್ತದೆ ಎಂದು ಹಿಗ್ಗಿನಿಂದ ಹೇಳಿದಳು. ಅವನು ತುತ್ತು ತಾಟಿಗೆ ಇಳಿಸಿದ. ಹಿಂಡಿ ಖಾರವಾಯಿತೇನೋ ಎಂದು ಅವಳು ನೀರು ಕೊಟ್ಟಳು. ಅವಳಿಗೆ ಹೇಳುವಂತಿರಲಿಲ್ಲ. ಹೇಳಿದರೆ ನಗುತ್ತಾಳೆ, ನಕ್ಕು ಸುಮ್ಮನಾಗುವ ಹೆಂಗಸೂ ಅಲ್ಲ, ಸಂತೆಯ ಹೊತ್ತಿಗೆ ಅದು ಅವಳ ತವರಾದ ಜನವಾಡವನ್ನು ಮುಟ್ಟಿರುತ್ತದೆ.

ಬಿಜಲೀಘರದ ದಾರಿಯಲ್ಲಿ ನಡೆಯುವಾಗ ಅವನು ನೆಲ ನೋಡುತ್ತಿರಲಿಲ್ಲ, ತಂತಿ ನೋಡುತ್ತಿದ್ದ. ಬೀದರಿಗೆ ಕರೆಂಟು ಬಂದು ಎರಡು ವರ್ಷ. ಎಣ್ಣೆಯ ಇಂಜಿನ್ನೊಂದು, ಅದರ ಬೆನ್ನಿಗೆ ಕಟ್ಟಿದ ಡೈನಮೋ, ಅಲ್ಲಿಂದ ನಾಲ್ಕು ದಿಕ್ಕಿಗೆ ಹೊರಟ ಐವತ್ತೆಂಟು ಕಂಬ. ಪ್ರತಿ ಲೈನಿನ ಕಡೆಯ ಕಂಬದ ನೆತ್ತಿಯಲ್ಲಿ ತಾಮ್ರದ ಎರಡು ಕೊಂಬು ಇರುತ್ತವೆ, ಆಡಿನ ಕೊಂಬಿನಂತೆ ಹೊರಕ್ಕೆ ಬಾಗಿದವು. ಎರಡರ ನಡುವೆ ಬೆರಳಿಗಿಂತ ಸಣ್ಣ ಸಂದು. ದಿನದ ಕರೆಂಟಿಗೆ ಆ ಸಂದು ಹಾರುವ ಶಕ್ತಿಯಿಲ್ಲ, ಅದು ತನ್ನ ಪಾಡಿಗೆ ತಂತಿಯಲ್ಲಿ ಹೋಗಿ ದೀಪ ಹಚ್ಚುತ್ತದೆ. ಸಿಡಿಲಿನ ವೇಗ ತಂತಿಗೆ ಬಂತೆಂದರೆ ಮಾತ್ರ ಅದು ಸಂದು ಹಾರಿ, ಆಚೆ ಕೊಂಬಿಗೆ ಕಟ್ಟಿದ ತಂತಿ ಹಿಡಿದು ಕಂಬದ ಮೈಯಿಂದ ಇಳಿದು, ಗುಂಡಿಯಲ್ಲಿ ಹೂತ ತಾಮ್ರದ ತಗಡಿಗೆ ಮುಟ್ಟಿ, ಮಣ್ಣಿನಲ್ಲಿ ಕರಗಿ ಹೋಗಬೇಕು. ಕರಗಬೇಕಾದರೆ ಮಣ್ಣು ಹಸಿ ಇರಬೇಕು. ಅವನ ಔರಾದ ಸೀಮೆಯ ಎರೆಮಣ್ಣಾದರೆ ಆಳದಲ್ಲಿ ಬೇಸಿಗೆಯಲ್ಲೂ ತೇವ ಹಿಡಿದುಕೊಂಡಿರುತ್ತದೆ. ಬೀದರಿನದು ಕೆಂಪು ಜಂಬಿಟ್ಟಿಗೆ ಕಲ್ಲು, ಕಲ್ಲಿನ ಪುಡಿಯಂಥ ಗರಸು. ಹೊಯ್ದ ನೀರು ಹೊಯ್ದಂತೆಯೇ ಮಾಯ. ಅದಕ್ಕೆಂದೇ ತಗಡಿನ ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿ, ಮೇಲಿನಿಂದ ಒಂದು ಕಬ್ಬಿಣದ ಕೊಳವೆ ಇಳಿಬಿಟ್ಟಿದ್ದರು. ಬೇಸಿಗೆಯಲ್ಲಿ ದಿನಕ್ಕೆ ಎರಡು ಕೊಡ ನೀರು ಆ ಕೊಳವೆಯ ಬಾಯಿಗೆ. ಉಳಿದ ಲೈನುಗಳಲ್ಲಿ ಈ ಕೆಲಸ ಬೇರೆಯವರದು. ಕೋಟೆಯ ಗೋಡೆ ಕೆಳಗಿನ ಓಣಿಯ ಕಡೆಯ ಕಂಬ ಮಾತ್ರ ಮನ್ಮಥಪ್ಪನ ಪಾಲಿಗೆ ಬಂದಿತ್ತು. ಆ ಗುಂಡಿಗೆ ಇಪ್ಪತ್ತೆರಡು ದಿನದಿಂದ ಒಂದು ಹನಿ ನೀರು ಇಳಿದಿರಲಿಲ್ಲ.

ಆದದ್ದಿಷ್ಟು. ಹೋದ ಚಳಿಗಾಲದಲ್ಲಿ ಭಾಲ್ಕಿಯ ಸಂತೆಯಿಂದ ಶಿವಕಾಂತಾ ಅವನಿಗೊಂದು ಜೊತೆ ಚಪ್ಪಲಿ ತಂದಿದ್ದಳು, ಕರಕರ ಅನ್ನುವ ಹೊಸ ಚರ್ಮದ್ದು. ನೀರು ಹೊಯ್ಯುವಾಗ ಅವು ನೆನೆದಾವೆಂದು ಅವನು ಮಾರುದೂರದಲ್ಲೇ ಬಿಟ್ಟು, ಬರಿಗಾಲಲ್ಲಿ ಗುಂಡಿಯ ಹತ್ತಿರ ಹೋಗಿ, ಕೊಳವೆಗೆ ನಿಧಾನ ನೀರು ಹೊಯ್ಯುತ್ತಿದ್ದ. ನಿಧಾನ ಏಕೆಂದರೆ ಕೊಳವೆ ಸಣ್ಣದು. ಒಂದು ದಿನ ಹೊಯ್ದು ತಲೆ ಎತ್ತಿದರೆ ಎದುರುಮನೆಯ ಅನುಸೂಯಾಬಾಯಿ ಕೈ ಮುಗಿದು ನಿಂತಿದ್ದಳು. ಓಣಿಗೇ ಹಿರಿಯಳಾದ, ಗಟ್ಟಿ ಮೈಯ, ಸಣ್ಣ ಕಣ್ಣಿನ ಹೆಂಗಸು. "ಶರಣ್ರಿ ಅಪ್ಪಾರ" ಅಂದಳು. ಅಪ್ಪಾರ ಎಂದು ಸ್ವಾಮಿಗಳನ್ನು ಕರೆಯುತ್ತಾರೆ. ಬಿಜಲೀಘರದಲ್ಲಿ ಓವರ್ಸಿಯರ್ ಸಾಹೇಬರಿಗೆ ಅವನು 'ಏ ಮನ್ಮಥ್'. ತಂದೆಯ ವಯಸ್ಸಿನವರನ್ನೂ ಅವರು ಕರೆಯುವುದು ಹಾಗೇ. ಹಾಗಾಗಿ ಆ ಒಂದು ಮಾತು ಮನ್ಮಥಪ್ಪನ ಕಿವಿಯಲ್ಲಿ ಎರಡು ದಿನ ಸಿಹಿಯಾಗಿ ಉಳಿಯಿತು. ಪಾಪದ ಮುದುಕಿ, ಇದನ್ನೊಂದು ದೇವರು ಅಂದುಕೊಂಡಿದ್ದಾಳೆ, ತಿಳಿಸಿ ಹೇಳಬೇಕು ಅಂದುಕೊಂಡ. ಮೂರನೆಯ ದಿನ ಚಪ್ಪಲಿಯನ್ನು ಇನ್ನೂ ಸ್ವಲ್ಪ ದೂರದಲ್ಲಿ ಬಿಟ್ಟ. ಆಮೇಲೆ ಕೊಳವೆಯ ಬಾಯಿಯ ಪಕ್ಕ ಒಂದು ಹೂವು ಬಂತು. ಗುರುವಾರಕ್ಕೊಮ್ಮೆ, ಆಚೆ ತುದಿಯ ಮಹಮೂದಾ ಬೇಗಂ ಮನೆಯಿಂದ ಉದಬತ್ತಿ ಬಂತು. ಓಣಿಯವರು ಆ ಜಾಗ ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು ದಾಟತೊಡಗಿದರು. ಹೇಳಬೇಕು, ನಾಳೆ ಹೇಳಬೇಕು ಎನ್ನುತ್ತಲೇ ಅವನು ಹಣೆಗೆ ಹಚ್ಚುವ ವಿಭೂತಿ ಒಂದು ಎಳೆ ದಪ್ಪವಾಯಿತು. ಅಂಗೈಯ ಲಿಂಗ ಬಿಟ್ಟು ಕಲ್ಲಿಗೆ ಮಣ್ಣಿಗೆ ಕೈ ಮುಗಿಯಬಾರದು ಎಂಬ ಮಾತು ಹಾಲಿನ ಜೊತೆ ಕುಡಿದು ಬೆಳೆದವನು ಅವನು. ಅದು ಗೊತ್ತಿದ್ದೂ ತಡೆಯಲಾರದಷ್ಟು ಸುಖವಾಗಿತ್ತು.

ಬೇಸಿಗೆಯಲ್ಲಿ ಅಣ್ಣನ ಮಗಳ ಮದುವೆಗೆಂದು ಸಂತಪುರಕ್ಕೆ ಹೋಗಿ ಎಂಟು ದಿನಕ್ಕೆ ತಿರುಗಿ ಬಂದರೆ ಗುಂಡಿಯ ಮೇಲೆ ಕಟ್ಟೆ ಎದ್ದಿತ್ತು. ಗೌಂಡಿ ಬಹಳ ನಿಷ್ಠೆಯಿಂದ ತಿಕ್ಕಿ ತಿಕ್ಕಿ ಗಚ್ಚು ಮಾಡಿದ್ದ. ಕೊಳವೆಯ ಬಾಯಿ ಎಲ್ಲಿತ್ತೆಂಬ ಗುರುತೂ ಇಲ್ಲದಂತೆ ನುಣ್ಣಗೆ ಮುಚ್ಚಿಹೋಗಿತ್ತು. ಅನುಸೂಯಾಬಾಯಿ ಬಾಗಿಲಲ್ಲಿ ನಿಂತು ಅವನ ಮುಖವನ್ನೇ ನೋಡುತ್ತಿದ್ದಳು. ಆ ಕ್ಷಣ ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅವನು ಅನ್ನಲಿಲ್ಲ. ಚಪ್ಪಲಿ ಬಿಟ್ಟ, ತಂದ ಎರಡು ಕೊಡ ನೀರನ್ನು ಕಟ್ಟೆಯ ನೆತ್ತಿಗೆ ಹೊಯ್ದ. ನೀರು ಸುಣ್ಣ ಜಾಜಿನ ಮೇಲೆ ಜಾರಿ ಮೋರಿಗೆ ಹೋಯಿತು. ಅಲ್ಲಿಯತನಕ ಅದು ಕೆಲಸವಾಗಿತ್ತು, ಅವತ್ತಿನಿಂದ ಅದು ಅಭಿಷೇಕವಾಯಿತು. ದಿನವೂ ಹೋಗಿ, ದಿನವೂ ಹೊಯ್ದು, ದಿನವೂ ಮೋರಿಗೆ ಹೋಗುವುದನ್ನು ಕಣ್ಣಾರೆ ನೋಡಿ, ನಾಳೆ ಹೇಳುತ್ತೇನೆ ಎಂದು ಬರುತ್ತಿದ್ದ. ಮೊನ್ನೆ ಅನುಸೂಯಾಬಾಯಿ ಅವನನ್ನು ಒಳಗೆ ಕರೆದಿದ್ದಳು. ಮಗಳು ವಿಮಲಾಬಾಯಿ ಹೆರಿಗೆಗೆ ಬಂದಿದ್ದಳು, ಹೆಣ್ಣು ಕೂಸು, ಒಂಬತ್ತು ದಿನದ್ದು. ಬಾಣಂತಿಯ ಕೋಣೆ ಕತ್ತಲು, ದೀಪ ಸ್ವಲ್ಪ ಕೆಳಗೆ ಇಳಿಸಿಕೊಡಬೇಕು ಎಂದಳು. ಅವನೇ ತೊಲೆಗೆ ಹತ್ತಿ, ಕಬ್ಬಿಣದ ಮಂಚಕ್ಕೆ ಎರಡು ಮೊಳ ಎತ್ತರದಲ್ಲಿ ತಂತಿ ಇಳಿಬಿಟ್ಟು ಬಲ್ಬು ಹಾಕಿದ. ಸ್ವಿಚ್ಚು ಒತ್ತಿದಾಗ ಕೂಸು ಕಣ್ಣು ಕಿವುಚಿ ಮತ್ತೆ ಅಗಲಿಸಿ ಬೆಳಕು ನೋಡಿತು. ಅದನ್ನು ನೆನೆದರೆ ಈಗಲೂ ಎದೆ ತುಂಬುತ್ತಿತ್ತು, ಬೆನ್ನಿಗೇ ಹೆದರಿಕೆಯಾಗುತ್ತಿತ್ತು.

ಏಕೆಂದರೆ ಸಿಡಿಲು ತಂತಿಯ ಮೇಲೇ ಬೀಳಬೇಕೆಂದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ಅವನು ಕಣ್ಣಿಂದ ಕಂಡಿದ್ದ. ಭಾಲ್ಕಿಯ ಹತ್ತಿ ಗಿರಣಿಯಲ್ಲಿ, ಇಂಜಿನ್ ನಡೆಸುವ ಸಲಾವೋದ್ದೀನನ ಕೈಕೆಳಗೆ ಕೆಲಸ ಕಲಿಯುತ್ತಿದ್ದ ಕಾಲ. ಗಿರಣಿಯ ಡೈನಮೋದಿಂದ ಮಾಲೀಕರ ಮನೆಗೆ ಎಂಟು ಕಂಬದ ಲೈನು. ಒಂದು ಸಂಜೆ ಅರ್ಧ ಹರದಾರಿ ದೂರದ ಬೇವಿನ ಮರಕ್ಕೆ ಸಿಡಿಲು ಬಿತ್ತು. ಎಲ್ಲರೂ ಆ ಮರ ಉರಿಯುವುದನ್ನು ನೋಡಲು ಓಡಿದರು. ಹಿಂದಿನಿಂದ ಮಾಲೀಕರ ಮನೆಯಲ್ಲಿ ಚೀರಾಟ. ಮನೆಯ ಬಲ್ಬುಗಳೆಲ್ಲ ಒಡೆದು, ಗೋಡೆಯ ಮೇಲೆ ತಂತಿ ಹೋದ ದಾರಿಯುದ್ದಕ್ಕೂ ಕರಿ ಗೆರೆ, ಕಟ್ಟಿಹಾಕಿದ್ದ ಎಮ್ಮೆ ಕಾಲು ಸೆಟೆದು ಬಿದ್ದಿತ್ತು. ತಂತಿಯನ್ನು ಯಾರೂ ಮುಟ್ಟಿರಲಿಲ್ಲ, ಸಿಡಿಲೂ ಮುಟ್ಟಿರಲಿಲ್ಲ. ಸಲಾವೋದ್ದೀನ ಬೀಡಿ ಹಚ್ಚುತ್ತ ಹೇಳಿದ್ದ: ಅದು ಅಲ್ಲಿ ಬೀಳುತ್ತದೆ, ತಂತಿ ಇಲ್ಲಿ ತನ್ನಷ್ಟಕ್ಕೆ ತುಂಬಿಕೊಂಡುಬಿಡುತ್ತದೆ, ತುಂಬಿಕೊಂಡದ್ದಕ್ಕೆ ಇಳಿಯಲು ದಾರಿ ಕೊಡದಿದ್ದರೆ ಮನೆ ಹೊಗುತ್ತದೆ. ಮನ್ಮಥಪ್ಪನಿಗೆ ಅವತ್ತು ಅದು ಪೂರ್ತಿ ತಿಳಿದಿರಲಿಲ್ಲ. ತನಗಲ್ಲದ ಮರ್ಯಾದೆಯೊಂದು ಎಲ್ಲೋ ಬಿದ್ದು ತಾನಿಲ್ಲಿ ತುಂಬಿಕೊಂಡು ಕೂತಿರುವ ಈ ದಿನಗಳಲ್ಲಿ ಅದು ಬಹಳ ಸಲೀಸಾಗಿ ತಿಳಿಯುತ್ತಿತ್ತು. ಅಮ್ಮ ಮಿಂಚು ಕಂಡರೆ ತಾಮ್ರದ ಕೊಡ ಬೋರಲು ಹಾಕಿ, ಕಿವಿಯ ಬುಗುಡಿ ಬಿಚ್ಚಿ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಆಗ ಅವನು ನಗುತ್ತಿದ್ದ. ಹೆದರಿದವಳು ಹೆದರಿದ್ದೇನೆ ಅಂತ ತೋರಿಸಿಕೊಳ್ಳುತ್ತಿದ್ದಳಲ್ಲ, ಅಷ್ಟಾದರೂ ಆಕೆಗೆ ಧೈರ್ಯವಿತ್ತು ಎಂದು ಈಗ ಅನಿಸಿತು.

ಮಧ್ಯಾಹ್ನ ಎರಡರ ಹೊತ್ತಿಗೆ ಜನವಾಡದ ದಿಕ್ಕಿನಲ್ಲಿ ಮೋಡ ಏಳತೊಡಗಿತು. ಬಿಜಲೀಘರದ ಇಂಜಿನ್ ಡ್ರೈವರ್ ಅಬ್ದುಲ ಮಜೀದ ಎಣ್ಣೆಯ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಆಕಾಶ ನೋಡಿದ. ಇಬ್ಬರೂ ಒಂದೇ ವಯಸ್ಸಿನವರು, ಒಂದೇ ಡಬ್ಬಿಯ ತಂಬಾಕು ತಿನ್ನುವವರು. ಮಜೀದ ಒಂದೊಂದೇ ಲೈನಿನ ಹೆಸರು ಹೇಳುತ್ತ ಗುಂಡಿಗೆ ನೀರು ಬಿದ್ದಿದೆಯೇ ಎಂದು ಕೇಳಿದ, ಮನ್ಮಥಪ್ಪ ತಲೆಯಾಡಿಸಿದ. ಕೋಟೆ ಓಣಿಯ ಕಡೆಯ ಕಂಬ ಎಂದಾಗ ಅವನ ಬಾಯಿಂದ "ಬರೋಬರ್ ಅದ" ಎಂಬ ಮಾತು ಎಷ್ಟು ಸರಾಗ ಬಂತೆಂದರೆ ಅವನಿಗೇ ಆಶ್ಚರ್ಯವಾಯಿತು. ಮಜೀದ ಸರಿ ಎಂದು ಒಳಗೆ ಹೋದ. ಅವನಿಗೆ ಮನ್ಮಥಪ್ಪನ ಮಾತೆಂದರೆ ಕಂಬ ಹುಗಿದಷ್ಟು ಗಟ್ಟಿ. ಹಾಗೆಂದು ಓವರ್ಸಿಯರ್ ಸಾಹೇಬರ ಮುಂದೆಯೇ ಒಮ್ಮೆ ಹೇಳಿದ್ದ. ಇಂಜಿನ್ನಿನ ಸಪ್ಪಳ ಒಂದೇ ಲಯದಲ್ಲಿ ಕೇಳುತ್ತಿತ್ತು. ಮನ್ಮಥಪ್ಪ ತಂಬಾಕು ಉಗುಳಿ ಗೋಡೆಗೆ ಒರಗಿ ನಿಂತ. ಇಂಜಿನ್ ನಿಲ್ಲಿಸಿದರೂ ಪ್ರಯೋಜನವಿಲ್ಲ, ತಂತಿ ಇದ್ದಲ್ಲೇ ಇರುತ್ತದೆ, ಸಿಡಿಲಿಗೆ ಇಂಜಿನ್ನಿನ ಹಂಗಿಲ್ಲ. ಮೋಡ ಹಾಗೇ ಭಾಲ್ಕಿಯ ಕಡೆ ಸರಿದು ಹೋಗಬಹುದು; ಹೋದ ವಾರ ಹಾಗೇ ಆಗಿತ್ತು. ಒಂದು ಮಳೆ ಬಿದ್ದರೆ ನೆಲ ತಾನೇ ಹಸಿಯಾಗುತ್ತದೆ, ಯಾರಿಗೂ ಏನೂ ಹೇಳುವ ಪ್ರಸಂಗ ಬರುವುದಿಲ್ಲ. ಆದರೆ ಸಿಡಿಲು ಮಳೆಗಿಂತ ಮುಂಚೆ ಬರುತ್ತದೆ, ಮತ್ತು ಆ ಗಚ್ಚು ಮಳೆಯನ್ನೂ ಒಳಗೆ ಬಿಡುವಂಥದ್ದಲ್ಲ. ಹೀಗೆ ಲೆಕ್ಕ ಹಾಕುತ್ತಿದ್ದವನಿಗೆ ಕೂಸು ಕಣ್ಣು ಕಿವುಚಿದ್ದು ನೆನಪಿಗೆ ಬಂತು. ಮೂಲೆಯಲ್ಲಿದ್ದ ಹಾರೆ ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಟ. ಯಾರಿಗೂ ಹೇಳಲಿಲ್ಲ.

ದಾರಿಯಲ್ಲಿ ಹಾರೆಯ ಭಾರಕ್ಕಿಂತ ಮಾತಿನ ಭಾರವೇ ಹೆಚ್ಚಾಯಿತು. ಹೇಗೆ ಶುರುಮಾಡುವುದು? ಮೊದಲು ಒಡೆದು ಆಮೇಲೆ ಹೇಳುವುದೋ, ಹೇಳಿ ಒಡೆಯುವುದೋ? ಸರ್ಕಾರದ ಹುಕುಂ ಬಂದಿದೆ ಎಂದುಬಿಟ್ಟರೆ? ಅದು ಸುಲಭವಿತ್ತು. ಹುಕುಂ ಎಂದರೆ ಯಾರೂ ಎದುರು ಮಾತಾಡುವುದಿಲ್ಲ, ತಾನು ಅಪ್ಪಾರನಾಗಿಯೇ ಉಳಿಯಬಹುದು, ಬೇಕಿದ್ದರೆ ಒಂದೆರಡು ಹನಿ ಕಣ್ಣೀರನ್ನೂ ಹಾಕಬಹುದು. ಆ ಆಸೆ ಎಷ್ಟು ಬೇಗ ಎಷ್ಟು ಚಂದವಾಗಿ ಸಿದ್ಧವಾಗಿ ಬಂತೆಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಬಿಸಿಲು ಹೋಗಿ ಓಣಿಗೆ ಹಳದಿ ಬೆಳಕು ಬಿದ್ದಿತ್ತು. ಗಾಳಿ ಅಲುಗುತ್ತಿರಲಿಲ್ಲ. ಕೋಟೆಯ ಗೋಡೆಯ ಮೇಲಿನ ಪಾರಿವಾಳಗಳು ಒಂದೂ ಹಾರದೆ ಕೂತಿದ್ದವು. ಕಟ್ಟೆಯ ಹತ್ತಿರ ಬಂದಾಗ ಅಭ್ಯಾಸಬಲದಿಂದ ಬಲಗಾಲ ಚಪ್ಪಲಿ ಅರ್ಧ ಕಳಚಿತು. ಅವನು ನಿಂತು, ಅದನ್ನು ಮತ್ತೆ ಮೆಟ್ಟಿಕೊಂಡು, ಚಪ್ಪಲಿಗಾಲಲ್ಲೇ ಮುಂದೆ ನಡೆದ. ಇಡೀ ಓಣಿ ತನ್ನ ಕಾಲನ್ನೇ ನೋಡುತ್ತಿದೆ ಅನಿಸಿತು. ನಿಜಕ್ಕೂ ನೋಡಿದವರು ಇಬ್ಬರೇ: ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ಅನುಸೂಯಾಬಾಯಿ, ಅವಳ ಪಕ್ಕ ಕೂತಿದ್ದ ಮಹಮೂದಾ ಬೇಗಂ.

ಮೊದಲು ಅವನು ಹೇಳಿದ್ದು ಕೂಸಿನ ಮಾತು. ಬಾಣಂತಿಯನ್ನೂ ಕೂಸನ್ನೂ ಮಂಚದಿಂದ ಇಳಿಸಿ ಹಿಂದಿನ ಕೋಣೆಗೆ ಕಳಿಸಿರಿ, ಬಲ್ಬಿನ ಹತ್ತಿರ ಯಾರೂ ಇರಬೇಡಿ ಎಂದ. ಯಾಕೆ ಎಂದು ಕೇಳದೆ ಅನುಸೂಯಾಬಾಯಿ ಎದ್ದು ಹೋಗಿ ಆ ಕೆಲಸ ಮುಗಿಸಿ ಬಂದಳು. ಓಣಿಯ ಏಳು ಮನೆಯಿಂದ ಒಬ್ಬೊಬ್ಬರಾಗಿ ಹೊರಗೆ ಬಂದರು. ಹಾರೆ ಹಿಡಿದ ಮಿಸ್ತ್ರಿ ಕಟ್ಟೆಯ ಮುಂದೆ ಚಪ್ಪಲಿಗಾಲಲ್ಲಿ ನಿಂತರೆ ಯಾರು ತಾನೇ ಒಳಗೆ ಕೂರುತ್ತಾರೆ. ಹುಕುಂ ಎಂಬ ಶಬ್ದ ನಾಲಗೆಯ ತುದಿಗೆ ಬಂತು. ಅದನ್ನು ನುಂಗಿ ಅವನು ಹೇಳಿದ:

"ಇದು ದೇವ್ರಲ್ರಿ. ಇದು ಬರೇ ಗುಂಡಿ. ಸಿಡಿಲು ಇಳಿಲಿಕ್ಕ ಮಾಡಿದ್ದು. ನೀವು ದೇವ್ರಂತ ತಿಳಕೊಂಡ್ರಿ, ನನಗ ಮೊದಲೇ ಗೊತ್ತಿತ್ತು, ನಾ ಹೇಳಲಿಲ್ಲ. ನೀವು ಕೈ ಮುಗಿದದ್ದು ನನಗ ಛಲೋ ಅನಿಸ್ತು. ಅದಕ್ಕ ಹೇಳಲಿಲ್ಲ. ಈಗ ಒಳಗ ನೀರಿಲ್ಲ, ಇದು ಸತ್ತಂಗ ಬಿದ್ದದ. ಒಡೀಬೇಕು."

ಇಷ್ಟು ಹೇಳಿ ಅವನು ಬೈಗುಳಕ್ಕೆ ಕಾದ. ಯಾರೂ ಬೈಯಲಿಲ್ಲ. ಅನುಸೂಯಾಬಾಯಿ ಅವನನ್ನು ಒಮ್ಮೆ, ಕಟ್ಟೆಯನ್ನು ಒಮ್ಮೆ ನೋಡಿದಳು. ಅವಳ ಸಣ್ಣ ಕಣ್ಣು ಇನ್ನೂ ಸಣ್ಣದಾಯಿತು.

"ನಾವ್ಯಾಕ ದೇವ್ರಂತೇವ್ರಿ ಇದಕ್ಕ?" ಅಂದಳು. "ಎದಿ ಮ್ಯಾಲ ಲಿಂಗ ಇದ್ದವ್ರು ನಾವು, ತಂತಿ ಕಂಬಕ್ಕ ಕೈ ಮುಗೀತೇವೇನು? ನೀವ ಚಪ್ಪಲಿ ಬಿಟ್ಟು, ಮೆಲ್ಲಕ ನೀರು ಹೊಯ್ಲತ್ತಿದ್ರಿ. ಈ ಮನುಷ್ಯಗ ಇದರ ಮ್ಯಾಲ ಭಕ್ತಿ ಅದ, ಊರಿಗಿ ಬೆಳಕು ಕೊಡೋ ಮನುಷ್ಯ, ಅವನ ಮನಸ್ಸು ಯಾಕ ನೋಯಿಸಬೇಕಂತ ನಾವೂ ಚಪ್ಪಲಿ ಬಿಟ್ವಿ. ನೀವು ಊರಿಗಿ ಹೋದಾಗ, ಬಂದು ನೋಡಿ ಖುಷಿ ಆಗ್ಲಿ ಅಂತ ಕಟ್ಟಿ ಕಟ್ಟಿಸಿದ್ವಿ."

ಮನ್ಮಥಪ್ಪ ಹಾರೆಯನ್ನು ನೆಲಕ್ಕೂರಿದ. ಮತ್ತೆ ನನಗೆ ಕೈ ಮುಗಿದದ್ದು ಯಾಕೆ ಎಂದು, ಕೇಳಬಾರದ್ದೆಂದು ಗೊತ್ತಿದ್ದರೂ, ಕೇಳಿಯೇಬಿಟ್ಟ.

"ನಿಮಗೆಲ್ಲಿ ಮುಗದಿದ್ದೆ," ಎಂದಳು ಅವಳು, ಒಂದಿಷ್ಟೂ ಕುಹಕವಿಲ್ಲದೆ. "ನಿಮ್ಮ ಕೊರಳಾಗಿನ ಲಿಂಗಕ್ಕ ಶರಣು ಅಂದಿದ್ದೆ. ಎಲ್ಲಾರಿಗೂ ಅಂತೇನಿ."

ಮಹಮೂದಾ ಬೇಗಂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಇವರು ಬಸವಣ್ಣನವರ ಮಂದಿ ಇದಕ್ಕೆ ಇಷ್ಟು ಮಾಡುತ್ತಿರಬೇಕಾದರೆ ಯಾರೋ ದೊಡ್ಡ ಸಂತ ಬುಜುರ್ಗರ ಜಾಗವೇ ಇರಬೇಕೆಂದು, ತಾನು ಗುರುವಾರ ತಪ್ಪದೆ ಉದಬತ್ತಿ ಕಳಿಸಿದೆನೆಂದು ಅವಳು ಹೇಳಿದಾಗ ಓಣಿಯೇ ನಕ್ಕಿತು. ಮನ್ಮಥಪ್ಪನೂ ನಕ್ಕ. ನಗುವಾಗ ಕಿವಿಯವರೆಗೆ ಬಿಸಿಯಾಯಿತು. ನಾಲ್ಕು ತಿಂಗಳು ಅವನು ಮೆರೆದ ಮರ್ಯಾದೆ ಯಾರೂ ಅವನಿಗೆ ಕೊಟ್ಟದ್ದೇ ಅಲ್ಲ. ನಾಲ್ಕು ತಿಂಗಳು ಅವನು ಹೊತ್ತ ಪಾಪವನ್ನೂ ಯಾರೂ ಮಾಡಿಸಿದ್ದಲ್ಲ. ಚಪ್ಪಲಿ ನೆನೆಯುತ್ತದೆ ಎಂಬ ಜಿಪುಣತನದಿಂದ ಇಷ್ಟು ದೊಡ್ಡ ಕಟ್ಟೆ ಎದ್ದಿತ್ತು. ಒಬ್ಬರ ಮನಸ್ಸು ಇನ್ನೊಬ್ಬರು ನೋಯಿಸಬಾರದೆಂದು ಇಡೀ ಓಣಿ, ಒಬ್ಬರೂ ನಂಬದ ದೇವರಿಗೆ ನಡೆದುಕೊಂಡಿತ್ತು. ಅಷ್ಟರಲ್ಲಿ ಕೋಟೆಯಾಚೆ ಆಕಾಶ ಒಮ್ಮೆ ಬೆಳ್ಳಗಾಯಿತು. ಅವನು ಮನಸ್ಸಿನಲ್ಲೇ ಎಣಿಸಿದ. ಹನ್ನೊಂದಕ್ಕೆ ಗುಡುಗು ಮುಟ್ಟಿತು. ನಗು ನಿಂತಿತು.

ಗಚ್ಚು ಗಟ್ಟಿ ಇತ್ತು. ಗೌಂಡಿಯ ನಿಷ್ಠೆಯನ್ನು ಅವನು ಮನಸಾರೆ ಶಪಿಸಿದ. ನಾಲ್ಕನೆಯ ಏಟಿಗೆ ಒಂದು ಚಕ್ಕೆ ಎದ್ದಿತು, ಹತ್ತನೆಯ ಏಟಿಗೆ ಕೊಳವೆಯ ಅಂಚು ಕಂಡಿತು. ಬಾಯಿಯಲ್ಲಿ ಗಾರೆ ಗಿಡಿದು ಕೂತಿತ್ತು. ಕಬ್ಬಿಣದ ಕಡ್ಡಿ ಹಾಕಿ ತಿವಿದು ತಿವಿದು ಬಿಡಿಸಿದ. ಕಿವಿಯಿಟ್ಟು ಒಂದು ಸಣ್ಣ ಕಲ್ಲು ಬಿಟ್ಟರೆ ಅದು ಒಣ ಇದ್ದಿಲಿನ ಮೇಲೆ ಬಿದ್ದ ಸದ್ದು ಬಂತು. ನೀರು ಬೇಕಿತ್ತು. ಎರಡು ಕೊಡ ಸಾಲದು, ಇಪ್ಪತ್ತೆರಡು ದಿನದ ಬಾಕಿ. ಬಾವಿ ಅರ್ಧ ಮೈಲಿ ದೂರ, ತಳ ಕಂಡಿದೆ, ಓಣಿಯವರು ಬೆಳಿಗ್ಗೆ ಸರದಿ ನಿಂತು ತಂದ ನೀರು ಮನೆಮನೆಯ ಗುಡಾಣದಲ್ಲಿತ್ತು. ಅದನ್ನು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಮೋಡ ನೆತ್ತಿಗೆ ಬರುತ್ತಿದ್ದರೂ ಮುಖ ನೋಡುತ್ತ ನಿಂತ. ಅನುಸೂಯಾಬಾಯಿ ಅವನನ್ನು ಗದರಿಸಿದಳು. ಬೇಕಾದ್ದು ಬಾಯಿ ಬಿಟ್ಟು ಹೇಳದೆಯೇ ಇಲ್ಲಿತನಕ ಬಂದದ್ದು ಸಾಲದೇ ಎಂದು ಕೇಳಿದಳು. ನೀರು ಬೇಕು, ಇದ್ದಷ್ಟೂ ಬೇಕು ಎಂದ ಅವನು.

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಅನುಸೂಯಾಬಾಯಿ ಕುಡಿಯುವ ಗಡಿಗೆಯನ್ನೇ ಎತ್ತಿ ತಂದಳು. ಮಹಮೂದಾ ಬೇಗಂ ನಮಾಜಿಗೆ ಮುಂಚಿನ ವಜೂವಿಗೆ ಇಟ್ಟ ತಾಮ್ರದ ಹಂಡೆಯನ್ನು ಮಗಳ ಜೊತೆ ಹಿಡಿದು ತಂದಳು. ಅಕ್ಕಿ ತೊಳೆದ ನೀರು ಬಂತು, ಬಾಣಂತಿಗೆ ಕಾಯಿಸಿದ ನೀರು ಇನ್ನೂ ಬೆಚ್ಚಗೆ ಇರುವಾಗಲೇ ಬಂತು, ಮಡಿಯ ನೀರು, ಮುಸುರೆ ನೀರು, ಎಲ್ಲವೂ ಒಂದೇ ಕೊಳವೆಗೆ. ಮನ್ಮಥಪ್ಪ ಚಪ್ಪಲಿಯಲ್ಲೇ ಕೆಸರಿನಲ್ಲಿ ಮಂಡಿಯೂರಿ ಹೊಯ್ಯುತ್ತಿದ್ದ. ನೀರು ಗುಳುಗುಳು ಇಳಿಯುವುದು ಕೇಳಿಸುತ್ತಿತ್ತು. ಮಿಂಚು ಮತ್ತೆ ಆಯಿತು, ಈ ಸಲ ಐದು ಎಣಿಸುವಷ್ಟರಲ್ಲಿ ಗುಡುಗು. ಕಡೆಯ ಕೊಡ ಮುಗಿದಾಗ ಕೊಳವೆಯ ಬಾಯಿಯವರೆಗೆ ನೀರು ಬಂದು, ಸ್ವಲ್ಪ ಹೊತ್ತು ನಿಂತು, ಮೆಲ್ಲಗೆ ಕೆಳಗಿಳಿಯಿತು. ಎಲ್ಲರನ್ನೂ ದೂರ ಅಟ್ಟಿ, ತಾನೂ ಅನುಸೂಯಾಬಾಯಿಯ ಜಗುಲಿಗೆ ಓಡಿ ಗೋಡೆಗೆ ಬೆನ್ನು ಹಚ್ಚಿ ನಿಂತ. ಮೈಯೆಲ್ಲ ಬೆವರು. ಮಾಡಬೇಕಾದ್ದೆಲ್ಲ ಮಾಡಿ ಮುಗಿದಿತ್ತು, ಇನ್ನು ಸಾಲುತ್ತದೆಯೋ ಇಲ್ಲವೋ ಎಂಬುದು ಮಣ್ಣಿಗೆ ಬಿಟ್ಟದ್ದು.

ಅದು ಕಂಬದ ಮೇಲೆ ಬೀಳಲಿಲ್ಲ. ಕೋಟೆಯ ಗೋಡೆಯಾಚೆ, ಕಂದಕದ ಹುಣಸೆ ಮರಗಳ ಕಡೆ ಎಲ್ಲೋ ಬಿತ್ತು. ಕಣ್ಣು ಕುರುಡಾಗುವಂಥ ಬಿಳುಪು, ಎದೆಯ ಗೂಡು ಅಲುಗುವಂಥ ಸದ್ದು; ಎರಡರ ನಡುವೆ, ಕೂದಲೆಳೆಯಷ್ಟು ಹೊತ್ತಿನಲ್ಲಿ, ಕಂಬದ ನೆತ್ತಿಯಲ್ಲಿ ನೀಲಿ ಕಿಡಿಯೊಂದು ಕೊಂಬಿನಿಂದ ಕೊಂಬಿಗೆ ಹಾರಿ, ಛಟ್ ಎಂದು ಸಿಡಿದು, ಕೊಂಬಿನ ಬಾಗಿದ ತುದಿಯವರೆಗೆ ಏರಿ ಹರಿದುಹೋಯಿತು. ತಂತಿ ತನ್ನಷ್ಟಕ್ಕೆ ತುಂಬಿಕೊಂಡದ್ದನ್ನು ಇಳಿಸಿ ಹಗುರವಾಯಿತು. ಗುಂಡಿಯ ಬಾಯಿಂದ ಸಣ್ಣ ಹಬೆ ಎದ್ದದ್ದು ಅವನಿಗೆ ಕಂಡಿತೋ, ಕಂಡಂತೆ ಆಯಿತೋ. ಒಳಗಿನ ಕೋಣೆಯಿಂದ ಕೂಸು ಚೀರಿತು. ಅನುಸೂಯಾಬಾಯಿ ಒಳಗೆ ಓಡಿದಳು, ಓಡಿದವಳು ಬರಲು ಬಹಳ ಹೊತ್ತು ತೆಗೆದುಕೊಂಡಳು, ಅಥವಾ ಅವನಿಗೆ ಹಾಗನಿಸಿತು. ಬಾಗಿಲಿಗೆ ಬಂದಾಗ ಅವಳ ತೋಳಲ್ಲಿ ಕೂಸಿತ್ತು, ಮುಖ ಕೆಂಪಗೆ ಮಾಡಿಕೊಂಡು ಜಗತ್ತಿನ ಮೇಲೆಲ್ಲ ಸಿಟ್ಟಾಗಿ ಅಳುತ್ತಿತ್ತು. ಗುಡುಗಿಗೆ ಬೆದರಿದೆ ಅಷ್ಟೇ ಎಂದಳು. ಅವಳ ಬೆನ್ನ ಹಿಂದೆ ಬಾಣಂತಿಯ ಕೋಣೆಯಲ್ಲಿ, ಖಾಲಿ ಮಂಚದ ಮೇಲೆ, ಬಲ್ಬು ಇಡಿಯಾಗಿ ತೂಗುತ್ತಿತ್ತು.

ಆಮೇಲೆ ಮಳೆ ಬಂತು. ಮೊದಲು ಒಂದೊಂದು ದಪ್ಪ ಹನಿ, ಕೆಂಪು ಮಣ್ಣಿನ ವಾಸನೆ, ಆಮೇಲೆ ಒಮ್ಮೆಲೇ ಧೋ ಎಂದು. ಮನ್ಮಥಪ್ಪ ಜಗುಲಿಯಲ್ಲಿ ಕುಸಿದು ಕೂತ. ಸಂಜೆ ಮಜೀದನಿಗೆ ಹೇಳಬೇಕು, ಮಧ್ಯಾಹ್ನ ನಿನಗೆ ಸುಳ್ಳು ಹೇಳಿದೆ ಎಂದು; ಅವನು ದಖನಿಯಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಬೈದು ಎರಡು ದಿನ ತಂಬಾಕಿನ ಡಬ್ಬಿ ಮುಂದೆ ಚಾಚುವುದಿಲ್ಲ. ಶಿವಕಾಂತಾಳಿಗೂ ಹೇಳಬೇಕು, ಜನವಾಡ ನಗಲಿ. ಎರಡನ್ನೂ ನೆನೆದಾಗ ಹೆದರಿಕೆಯಾಗಲಿಲ್ಲ. ಅವನಿಗೆ ಬೇಕೆನಿಸಿದ್ದು ಒಂದೇ. ಗಂಟಲು ಒಣಗಿ ನಾಲಗೆ ಅಂಗುಳಕ್ಕೆ ಅಂಟಿತ್ತು. ಒಂದಿಷ್ಟು ಕುಡಿಯಲು ನೀರು ಎಂದ. ಅನುಸೂಯಾಬಾಯಿ ಕೂಸನ್ನು ಮಹಮೂದಾ ಬೇಗಂ ಕೈಗೆ ಕೊಟ್ಟು ಒಳಗೆ ಹೋದಳು, ಬರಿ ಕೈಯಲ್ಲಿ ಬಾಗಿಲಿಗೆ ಬಂದಳು. ಮನೆಯಲ್ಲಿ ಒಂದು ಹನಿ ಇರಲಿಲ್ಲ. ಇಡೀ ಓಣಿಯಲ್ಲಿ ಇರಲಿಲ್ಲ. ಅವಳು ಮೂಲೆಯ ಹಿತ್ತಾಳೆ ತಂಬಿಗೆ ಎತ್ತಿಕೊಂಡು, ಸೂರಿನಿಂದ ಸುರಿಯುತ್ತಿದ್ದ ನೀರಿಗೆ ಹಿಡಿದು, ಮೊದಲ ನೀರು ಚೆಲ್ಲಿ, ಮತ್ತೊಮ್ಮೆ ತುಂಬಿಸಿ ಅವನ ಕೈಗಿತ್ತಳು. "ಕುಡಿ ತಮ್ಮಾ" ಎಂದಳು.

ನಾಲ್ಕು ತಿಂಗಳಿಂದ ಅವನನ್ನು ಅಪ್ಪಾರ ಎಂದವಳು, ಈ ಮಾತನ್ನು ಯೋಚಿಸಿ ಆಡಿದಂತೆ ಕಾಣಲಿಲ್ಲ. ಅವನು ಎತ್ತಿ ಗಟಗಟ ಕುಡಿದ. ಹೊಗೆಯ, ಹಂಚಿನ, ಸುಣ್ಣದ ರುಚಿ ಹತ್ತಿದ ನೀರು, ತಣ್ಣಗೆ ಎದೆಯೊಳಗೆ ಇಳಿಯಿತು. ಸಾಕೇನೋ ಎಂದು ಕೇಳಿದಳು. ಯಾರ ಮನೆಯಲ್ಲೂ ಎಂದೂ ಎರಡನೆಯ ಸಲ ಏನನ್ನೂ ಕೇಳಿದವನಲ್ಲ ಅವನು, ಹಸಿದಿದ್ದರೂ ಸಾಕ್ರಿ ಎನ್ನುವ ಜಾತಿಯವನು. ತಂಬಿಗೆಯನ್ನು ಅವಳ ಮುಂದೆ ಚಾಚಿದ.

"ಇಲ್ಲಕ್ಕಾ," ಎಂದ. "ಇನ್ನೊಂದು ತಂಬಿಗಿ ಕೊಡು."